ತೂಬಿಲ್ಲದ ನೀರು

ಕೊಡಗಿನ ಗೋಣಿಕೊಪ್ಪಲಿಗೆ ಸಮುದ್ರ ಬೆಳಿಗ್ಗೆ ಬೇಗ ಬರುತ್ತದೆ. ಪೇಟೆ ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುವಾಗಲೇ ಮೀನಿನ ವ್ಯಾನು ಬಂದು ನಿಂತಿರುತ್ತದೆ. ಅದರ ಹಿಂಬಾಗಿಲಿನಿಂದ ಐಸು ಕರಗಿದ ನೀರು ತೊಟ್ಟಿಕ್ಕಿ ರಸ್ತೆಯ ಮೇಲೆ ಉದ್ದ ಗೆರೆ ಎಳೆಯುತ್ತದೆ. ಆಮೇಲೆ ಸ್ಕೂಟರಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡ ಕಾಕಂದಿರು ಹಾರನ್ ಒತ್ತುತ್ತಾ ತೋಟದ ಲೈನ್ ಮನೆಗಳ ಕಡೆಗೆ ಹೊರಡುತ್ತಾರೆ. ಆ ಹಾರನ್ನಿನ ಗುರುತು ಮನೆಯವರಿಗಿಂತ ಮೊದಲು ಬೆಕ್ಕುಗಳಿಗೆ ಸಿಗುತ್ತದೆ. "ಎಲ್ಲಿಯದು ಕಾಕ ಇವತ್ತು?" ಎಂದರೆ "ತಲಶ್ಶೇರಿಯದ್ದು, ರಾತ್ರಿ ಲೋಡಾಗಿದ್ದು" ಎಂಬ ಉತ್ತರ. ಮತ್ತಿಯೋ ಬಂಗುಡೆಯೋ ತೂಕಕ್ಕೆ ಬೀಳುತ್ತದೆ, ಚೌಕಾಸಿ ನಡೆಯುತ್ತದೆ, ಕಾಕ ಮುಂದಿನ ಗೇಟಿಗೆ ಹೋಗುತ್ತಾನೆ. ಸಮುದ್ರದ ಮಾತು ಅಲ್ಲಿಗೆ ಮುಗಿಯಿತು.

ನನಗೆ ವಿಚಿತ್ರವೆನಿಸುವುದು ಇದೇ. ಗೋಣಿಕೊಪ್ಪಲಿನಿಂದ ಮೈಸೂರು ಎಷ್ಟು ದೂರವೋ ಸರಿಸುಮಾರು ಅಷ್ಟೇ ದೂರ ತಲಶ್ಶೇರಿ. ಮೈಸೂರಿಗೆ ನಾವು ಆಸ್ಪತ್ರೆಗೆ ಹೋಗುತ್ತೇವೆ, ಕಾಲೇಜಿಗೆ ಹೋಗುತ್ತೇವೆ, ಮದುವೆಯ ಸೀರೆಗೆ ಹೋಗುತ್ತೇವೆ. ನಮ್ಮ ಮನಸ್ಸಿನ ನಕ್ಷೆಯಲ್ಲಿ ದಾರಿಗಳೆಲ್ಲ ಪೂರ್ವಕ್ಕೇ ಇಳಿಯುತ್ತವೆ, ಕಾವೇರಿಯ ಹಾಗೆ. ಪಶ್ಚಿಮಕ್ಕೆ ಇರುವುದು ಕಾಡು, ಮಂಜು, ಆನೆ, ಅದರಾಚೆ ಏನೋ ಒಂದು. ಆ 'ಏನೋ ಒಂದ'ರಿಂದಲೇ ನಮ್ಮ ಮಳೆ, ನಮ್ಮ ಮೀನು, ಒಂದು ಕಾಲಕ್ಕೆ ನಮ್ಮ ಉಪ್ಪು, ನಮ್ಮ ಮೆಣಸಿನ ದರ, ಕಡೆಗೆ ನಮ್ಮ ದೇವರೂ ಬಂದದ್ದು ಎಂಬುದು ನೆನಪಾಗುವುದು ಕಡಿಮೆ.

ದಾರಿ ಕಷ್ಟದ್ದೇನೂ ಅಲ್ಲ. ವಿರಾಜಪೇಟೆ ದಾಟಿ ಪೆರುಂಬಾಡಿಯ ಗೇಟಿನಲ್ಲಿ ಹೆಸರು ಹೇಳಿದರೆ ಮಾಕುಟ್ಟದ ಕಾಡು ಶುರು. ತಿರುವು ಇಳಿದಂತೆ ಕಿವಿ ಒಮ್ಮೆ ಮುಚ್ಚಿ ತೆರೆಯುತ್ತದೆ. ಗಾಳಿ ದಪ್ಪವಾಗುತ್ತದೆ, ಅಂಗಿ ಬೆನ್ನಿಗೆ ಅಂಟುತ್ತದೆ. 2018ರ ಮಳೆಗಾಲದಲ್ಲಿ ಈ ಗುಡ್ಡ ಜರಿದು ರಸ್ತೆ ಮುಚ್ಚಿದಾಗ, ನಮ್ಮಲ್ಲಿ ಎಷ್ಟೋ ಮಂದಿಗೆ ಮೊದಲ ಬಾರಿ ತಿಳಿದದ್ದು ತರಕಾರಿ ಎಷ್ಟು ಇಳಿಯುತ್ತದೆ, ಮೀನು ಎಷ್ಟು ಏರುತ್ತದೆ ಎಂಬುದು. ಕೂಟುಪುಳ ಸೇತುವೆಯಾಚೆ ಕೇರಳ. ಇರಿಟ್ಟಿ, ಮಟ್ಟನ್ನೂರು, ಕೂತುಪರಂಬ. ಕಾಫಿ ಹಿಂದೆ ಉಳಿದು ರಬ್ಬರು ಬರುತ್ತದೆ, ರಬ್ಬರು ಹೋಗಿ ಗೇರು, ಕೊನೆಗೆ ಬರೀ ತೆಂಗು. ತೆಂಗಿನ ತಲೆಗಳೆಲ್ಲ ಒಂದೇ ಕಡೆ ವಾಲಿಕೊಂಡಿರುವಾಗ ಇನ್ನು ಹೆಚ್ಚು ದೂರವಿಲ್ಲ ಎಂದು ಗೊತ್ತಾಗುತ್ತದೆ.

ನಮ್ಮ ನೆರೆಮನೆಯ ಅಜ್ಜಿಯೊಬ್ಬರು ಎಪ್ಪತ್ತು ದಾಟಿದ ಮೇಲೆ ಮೊದಲ ಸಲ ಸಮುದ್ರ ನೋಡಿದ್ದು ಈ ದಾರಿಯಲ್ಲೇ ಇಳಿದು. ಗದ್ದೆಯಲ್ಲೇ ಬದುಕಿದವರು. ನಾಟಿಗೆ ಎಷ್ಟು ನೀರು ನಿಲ್ಲಿಸಬೇಕು, ಯಾವ ಮಡಿಯ ನೀರು ಯಾವ ಮಡಿಗೆ ಹಾಯಬೇಕು ಎನ್ನುವುದು ಅವರಿಗೆ ಉಸಿರಾಟದಷ್ಟು ಸಲೀಸು. ತಲಶ್ಶೇರಿಯ ದಂಡೆಯ ಮೇಲೆ ಸ್ವಲ್ಪ ಹೊತ್ತು ನಿಂತರು. ಚೆಂದ ಅನ್ನಲಿಲ್ಲ, ಅಬ್ಬಾ ಅನ್ನಲಿಲ್ಲ. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು.

"ಇಷ್ಟೊಂದು ನೀರಿಗೆ ತೂಬು ಎಲ್ಲುಂಟು ಮಗ?"

"ಸಮುದ್ರಕ್ಕೆ ತೂಬು ಇಲ್ಲ ಅಜ್ಜಿ."

"ಇಲ್ಲದೆ ಹೇಗೆ? ಇಷ್ಟು ಹೊಳೆ ಬಂದು ಬೀಳ್ತದೆ. ತುಂಬಿ ಹೋಗುದಿಲ್ವ?"

ಜೊತೆಗಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ಆ ಪ್ರಶ್ನೆ ಎಷ್ಟು ಸರಿಯಾದದ್ದು ಎಂದು ಯೋಚಿಸುತ್ತಾ ನಿಂತೆ. ನಾವೆಲ್ಲ ಸಮುದ್ರದ ಮುಂದೆ ನಿಂತು ಮೊಬೈಲು ಎತ್ತಿದ್ದೆವು. ಅಜ್ಜಿಯೊಬ್ಬರೇ ಅದನ್ನು ನೀರು ಎಂದು ನೋಡಿದ್ದರು. ಬೆರಗಿಗೆ ಬಾಯಿ ತೆರೆದುಕೊಂಡು ನಿಲ್ಲುವುದು ಒಂದು ಬಗೆ. ತನಗೆ ಚೆನ್ನಾಗಿ ತಿಳಿದ ಲೆಕ್ಕಕ್ಕೆ ಎದುರಿನದು ಸಿಗುತ್ತಿಲ್ಲವಲ್ಲ ಎಂದು ಹುಬ್ಬು ಗಂಟಿಕ್ಕುವುದು ಇನ್ನೊಂದು. ಭರತನ ನಾಟ್ಯಶಾಸ್ತ್ರ ಅದ್ಭುತ ರಸಕ್ಕೆ ವಿಸ್ಮಯವೇ ಸ್ಥಾಯಿ ಎನ್ನುತ್ತದೆ. ಸ್ಥಾಯಿ ಎಂದರೆ ನಿಂತು ಉಳಿಯುವಂಥದ್ದು. ಮೊದಲ ಬಗೆಯ ಬೆರಗು ಮಧ್ಯಾಹ್ನದ ಬಿರಿಯಾನಿ ಹೊತ್ತಿಗೆ ಆರಿಹೋಗುತ್ತದೆ. ಎರಡನೆಯದು ಮನೆಗೆ ಬಂದ ಮೇಲೂ ಕಾಡುತ್ತದೆ. ಅಜ್ಜಿಯ ತೂಬು ನನ್ನನ್ನು ಬಹಳ ಕಾಲ ಕಾಡಿತು.

ತೂಬು ಇದೆ. ಅದು ಮೇಲೆ ಇದೆ. ಆಫ್ರಿಕದ ಪೂರ್ವಕ್ಕೆ, ಭೂಮಧ್ಯರೇಖೆಯ ದಕ್ಷಿಣಕ್ಕೆ ಹುಟ್ಟುವ ಗಾಳಿ ರೇಖೆ ದಾಟಿ, ಸೊಮಾಲಿಯದ ಅಂಚಿನಲ್ಲಿ ಬಲಕ್ಕೆ ಬಾಗಿ, ಅರಬ್ಬಿ ಸಮುದ್ರದ ಮೇಲೆ ಓಡುತ್ತಾ ನೀರು ಹೀರಿಕೊಂಡು ಬರುತ್ತದೆ. ಜೂನ್ 1ರ ಹೊತ್ತಿಗೆ ಕೇರಳದ ದಂಡೆ ಮುಟ್ಟುವುದು ವಾಡಿಕೆ. ಅಲ್ಲಿಂದ ಒಳಕ್ಕೆ ನುಗ್ಗಿದರೆ ಎದುರಿಗೆ ಗೋಡೆ: ನಮ್ಮ ಬ್ರಹ್ಮಗಿರಿ, ತಡಿಯಂಡಮೋಳು, ಮಾಕುಟ್ಟದ ಮೇಲಿನ ಬೆಟ್ಟಸಾಲು. ದಾರಿಯಿಲ್ಲದ ಗಾಳಿ ಮೇಲಕ್ಕೇರುತ್ತದೆ, ಸಾವಿರ ಮೀಟರಿಗೆ ಆರೇಳು ಡಿಗ್ರಿಯಂತೆ ತಣ್ಣಗಾಗುತ್ತದೆ, ಹೊತ್ತದ್ದನ್ನು ಹೊರಲಾರದೆ ಸುರಿಯುತ್ತದೆ. ಅಜ್ಜಿ ಕೇಳಿದ ತೂಬು ತೆರೆದುಕೊಳ್ಳುವುದು ಅವರ ಗದ್ದೆಯ ನೆತ್ತಿಯ ಮೇಲೆಯೇ. ಇದನ್ನು ಶಾಲೆಯಲ್ಲಿ ಚಿತ್ರ ಬರೆದು, ಬಾಣದ ಗುರುತು ಹಾಕಿ, ಅಂಕವನ್ನೂ ಪಡೆದಿದ್ದೇವೆ. ಆದರೂ ತಲಶ್ಶೇರಿಯ ದಂಡೆಯಲ್ಲಿ ನಿಂತು, 'ಈ ಎದುರಿನ ನೀರೇ ಮುಂದಿನ ಆಟಿ ತಿಂಗಳಲ್ಲಿ ನಮ್ಮ ಹಂಚಿನ ಮೇಲೆ ಬಡಿಯುವುದು' ಎಂದು ಅಂದುಕೊಂಡಾಗ ಮೈ ಜುಮ್ಮೆನ್ನುತ್ತದೆ. ಕಾರಣ ಗೊತ್ತಾದರೆ ಬೆರಗು ಹೋಗುತ್ತದೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಗೊತ್ತಿಲ್ಲದ ದಿನ ನನಗೆ ಮಳೆ ಎಂದರೆ ಕೊಡೆಯ ತಾಪತ್ರಯ ಅಷ್ಟೇ ಆಗಿತ್ತು.

ಸುರಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ನೋಡಿದರೆ ಇನ್ನೊಂದು ಸೋಜಿಗ. ಬ್ರಹ್ಮಗಿರಿಯ ಒಂದು ಮಗ್ಗುಲಿನ ಹನಿ ಇರ್ಪಿನಲ್ಲಿ ಧುಮುಕಿ ಲಕ್ಷ್ಮಣತೀರ್ಥವಾಗಿ ಕನ್ನಂಬಾಡಿಯ ಹಿನ್ನೀರಿನಲ್ಲಿ ಕಾವೇರಿ ಸೇರುತ್ತದೆ. ಅಲ್ಲಿಂದ ಪೂಂಪುಹಾರ್‌ವರೆಗೆ ನಡೆದು ಬಂಗಾಳಕೊಲ್ಲಿಗೆ. ಅದೇ ಸಾಲಿನ ಇನ್ನೊಂದು ಮಗ್ಗುಲಿನ ಹನಿ ಬರಪೊಳೆಯಾಗಿ ಪಶ್ಚಿಮಕ್ಕೆ ಜಾರಿ ವಳಪಟ್ಟಣಂ ಹೊಳೆಯ ಮೂಲಕ ಹೊರಟ ಸಮುದ್ರಕ್ಕೇ ವಾಪಸು. ಒಂದು ಹನಿಗೆ ಒಂದು ದಿನದ ಹಾದಿ, ಪಕ್ಕದ ಹನಿಗೆ ಎಂಟುನೂರು ಕಿಲೋಮೀಟರು ನದಿ, ದಾರಿಯಲ್ಲಿ ಎರಡು ರಾಜ್ಯಗಳ ಜಗಳ. ಬಿದ್ದ ಜಾಗ ಒಂದು ಗೇಣು ಆಚೀಚೆಯಾದದ್ದೇ ಇಷ್ಟಕ್ಕೆಲ್ಲ ಕಾರಣ.

ಮೋಡವಾಗಿ ಏರುವಾಗ ನೀರು ಉಪ್ಪನ್ನು ಕೆಳಗೇ ಬಿಟ್ಟು ಬರುತ್ತದೆ. ಹಾಗಾಗಿ ಉಪ್ಪಿಗೆ ಬೇರೆ ದಾರಿ ಬೇಕಾಯಿತು. ರಸ್ತೆ ಇಲ್ಲದ ಕಾಲದಲ್ಲಿ ಕೊಡಗಿನ ಅಕ್ಕಿ ಹೇರೆತ್ತುಗಳ ಬೆನ್ನ ಮೇಲೆ ಘಾಟಿ ಇಳಿಯುತ್ತಿತ್ತು. ಅವೇ ಎತ್ತುಗಳು ಉಪ್ಪು, ಒಣಮೀನು, ತೆಂಗಿನೆಣ್ಣೆ ಹೊತ್ತು ಏರುತ್ತಿದ್ದವು. ಸಮುದ್ರದ ನೀರು ಆಕಾಶದಲ್ಲಿ ಬಂತು, ಉಪ್ಪು ಎತ್ತಿನ ಬೆನ್ನಲ್ಲಿ ಬಂತು. ಇಂದಿಗೂ ಪಯ್ಯಾವೂರಿನ ಊಟು ಉತ್ಸವಕ್ಕೆ ಕೊಡಗಿನಿಂದ ಎತ್ತಿನ ಮೇಲೆ ಅಕ್ಕಿ ಹೋಗುತ್ತದೆ. ಉಳಿಕ್ಕಲ್ ಬಳಿಯ ವಯತ್ತೂರಿನ ಕಾಲಿಯಾರ್ ದೇವರು ನಮ್ಮವರಿಗೆ ಬೈತೂರಪ್ಪ. ವರ್ಷಕ್ಕೊಮ್ಮೆ ಮಲೆಯಾಳದ ಭಕ್ತರೂ ಕೊಡವರೂ ಅಲ್ಲಿ ಒಂದೇ ಅಂಗಳದಲ್ಲಿ ಸೇರುತ್ತಾರೆ. ವ್ಯಾಪಾರ ನಿಂತುಹೋಯಿತು, ಹರಕೆ ನಿಲ್ಲಲಿಲ್ಲ. ಕೊಡವರ ಮದುವೆಯ 'ಎತ್ತ್ ಪೋರಾಟ'ದಲ್ಲಿ ಅಕ್ಕಿ, ತೆಂಗಿನಕಾಯಿ ಹೇರಿದ ಎತ್ತುಗಳನ್ನು ಕರೆತರುವಾಗಲೂ ನನಗೆ ಕಾಣುವುದು ಆ ಹಳೆಯ ಘಾಟಿಯ ದಾರಿಯೇ. ಇದು ನನ್ನ ಊಹೆ, ತಿಳಿದವರು ಬೇರೆ ಅರ್ಥ ಹೇಳಿದರೆ ಕೇಳಲು ಸಿದ್ಧನಿದ್ದೇನೆ.

ಇನ್ನು ದೇವರ ವಿಷಯ. ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ಕೊಡಗಿನ ಮಳೆಯ ದೇವರು, ಬೆಳೆಯ ದೇವರು. ಜನರ ನಂಬಿಕೆಯ ಕತೆಯಲ್ಲಿ ಆತ ಈ ಬೆಟ್ಟದಲ್ಲೇ ಹುಟ್ಟಿದವನಲ್ಲ. ಅಣ್ಣತಮ್ಮಂದಿರು, ಒಬ್ಬ ತಂಗಿ ಕೂಡಿ ಮಲೆಯಾಳ ನಾಡಿನ ಕಡೆಯಿಂದ ಬಂದವರು. ಅವರಲ್ಲಿ ಕೆಲವರು ಕೆಳಗೇ ಉಳಿದರು. ಇಗ್ಗುತಪ್ಪ, ಪಾಲೂರಪ್ಪ, ತಂಗಿ ಪನ್ನಂಗಾಲತಮ್ಮೆ ಬೆಟ್ಟ ಏರಿದರು. ಮಳೆಯ ದೇವರು ಸಮುದ್ರದ ದಿಕ್ಕಿನಿಂದ ಘಾಟಿ ಹತ್ತಿ ಬಂದ ಎಂದು ಕತೆ ಕಟ್ಟಿದವರು ಮಾನ್ಸೂನಿನ ನಕ್ಷೆ ನೋಡಿರಲಿಲ್ಲ. ಗಾಳಿ ಬರುವ ದಿಕ್ಕನ್ನು ಮೈಯಲ್ಲಿ ತಿಳಿದಿದ್ದರು, ಅಷ್ಟೇ. ಹವಾಮಾನ ಇಲಾಖೆಯ ಬಾಣವೂ ಇಗ್ಗುತಪ್ಪನ ನಡಿಗೆಯೂ ಒಂದೇ ಕಡೆಯಿಂದ ಒಂದೇ ಕಡೆಗೆ ಬರುತ್ತವೆ ಎಂಬುದನ್ನು ಮೊದಲು ಗಮನಿಸಿದ ದಿನ ನಾನು ಕುಡಿಯುತ್ತಿದ್ದ ಕಾಫಿ ಆರಿಹೋಗಿತ್ತು.

ತಲಶ್ಶೇರಿ ಊರಿನ ಬಗ್ಗೆ ಹೇಳಬೇಕು. ಸಣ್ಣ ಊರು. ಮೀನಿನ ಮಾರುಕಟ್ಟೆ, ಕಿಕ್ಕಿರಿದ ಬಸ್‌ಸ್ಟ್ಯಾಂಡು, ಹಳೆಯ ಗೋದಾಮುಗಳ ಸಾಲು. ಬಂಡೆಗಳ ಮೇಲೆ ಅಲೆ ಒಡೆಯುವ ದಂಡೆಗೆ ಎದುರಾಗಿ ಈಸ್ಟ್ ಇಂಡಿಯಾ ಕಂಪನಿ 1708ರಲ್ಲಿ ಕಟ್ಟಿಸಿದ ಕೋಟೆ. ಚೌಕಾಕಾರ, ದೊಡ್ಡ ಬಾಗಿಲು, ಮೇಲೊಂದು ದೀಪಸ್ತಂಭ. ರಾಜನ ಗತ್ತು ಇದಕ್ಕಿಲ್ಲ, ಅಂಗಡಿ ಕಾಯುವವನ ಎಚ್ಚರ ಇದೆ. ಕೋಟೆಯ ಗೋಡೆ ಕೆಂಪುಕಲ್ಲಿನದು. ನೆಲದೊಳಗೆ ಇರುವಾಗ ಕತ್ತಿಗೆ ಸಿಗುವಷ್ಟು ಮೆದುವಾಗಿರುವ, ಹೊರಗೆ ತೆಗೆದು ಗಾಳಿಗಿಟ್ಟರೆ ಇಟ್ಟಿಗೆಗಿಂತ ಗಟ್ಟಿಯಾಗುವ ಈ ಕಲ್ಲನ್ನು ಕಂಡು ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಮಲಬಾರಿನ ಅಂಗಾಡಿಪುರದಲ್ಲಿ ನಿಂತುಬಿಟ್ಟ. ಅವನು ಕೊಟ್ಟ ಲ್ಯಾಟರೈಟ್ ಎಂಬ ಹೆಸರನ್ನು ಭೂವಿಜ್ಞಾನ ಇವತ್ತಿಗೂ ಇಟ್ಟುಕೊಂಡಿದೆ. ನಮ್ಮ ಕಡೆಯ ಕಾಂಪೌಂಡು ಗೋಡೆಗಳಲ್ಲೂ ಅದೇ ಕಲ್ಲು. ಅದನ್ನು ನೋಡಲು ಯಾರೂ ನಿಲ್ಲುವುದಿಲ್ಲ.

ಕೋಟೆ ಕಾಯುತ್ತಿದ್ದದ್ದು ಮೆಣಸನ್ನು. ರೋಮನ್ನು ಮುತ್ತಿದ ಅಲಾರಿಕ್ 408ರಲ್ಲಿ ಮುತ್ತಿಗೆ ತೆಗೆಯಲು ಕೇಳಿದ ಕಪ್ಪದಲ್ಲಿ 5,000 ಪೌಂಡು ಚಿನ್ನದ ಜೊತೆ 3,000 ಪೌಂಡು ಮೆಣಸೂ ಸೇರಿತ್ತು. ವಾಸ್ಕೋ ಡ ಗಾಮ ಬಂದದ್ದು ಅದಕ್ಕೇ, ಡಚ್ಚರು, ಇಂಗ್ಲಿಷರು, ಮಾಹೆಯ ಫ್ರೆಂಚರು ಬಂದದ್ದೂ ಅದಕ್ಕೇ. ಮೆಣಸಿನ ಬಳ್ಳಿಯನ್ನೇ ಕಿತ್ತು ಒಯ್ಯಲು ಪರಂಗಿಗಳು ಹೊರಟಾಗ, 'ಬಳ್ಳಿ ಒಯ್ಯಲಿ ಬಿಡಿ, ನಮ್ಮ ತಿರುವಾದಿರ ಮಳೆಯನ್ನು ಒಯ್ಯಲಾರರು' ಎಂದು ಕಲ್ಲಿಕೋಟೆಯ ಅರಸ ಸಾಮೂದಿರಿಯ ಆಸ್ಥಾನದಲ್ಲಿ ಸಮಾಧಾನ ಹೇಳಿದರೆಂಬ ಕತೆ ಕೇರಳದಲ್ಲಿ ಎಲ್ಲರಿಗೂ ಗೊತ್ತು. ತಿರುವಾದಿರ ಎಂದರೆ ನಮ್ಮ ಆರಿದ್ರಾ ಮಳೆ. ಕತೆ ನಡೆದದ್ದೋ ಕಟ್ಟಿದ್ದೋ, ಒಳಗಿನ ಸಂಗತಿ ಮಾತ್ರ ನಿಜ. ಜೂನಿನ ಮಳೆಗೆ ಬಳ್ಳಿ ಗೆರೆ ಬಿಡುತ್ತದೆ, ಗೆರೆಯ ಮೇಲೆ ಹರಿದಿಳಿಯುವ ಮಳೆಹನಿಯೇ ಪರಾಗವನ್ನು ಹೂವಿಂದ ಹೂವಿಗೆ ಒಯ್ಯುತ್ತದೆ. ಬಳ್ಳಿಗೆ ಹೆಚ್ಚಾಗಿ ದುಂಬಿಯ ಹಂಗಿಲ್ಲ, ಮೋಡದ ಹಂಗು ಇದೆ. ಅಂದರೆ ನಮ್ಮ ತೋಟದ ಸಿಲ್ವರ್ ಓಕಿಗೆ ಹಬ್ಬಿದ ಬಳ್ಳಿಯ ಪ್ರತಿ ಕಾಳಿನ ಬಸಿರಿನಲ್ಲೂ ಅರಬ್ಬಿ ಸಮುದ್ರದ ಪಾಲು ಇದೆ.

ಈ ಮೆಣಸಿನಿಂದಾಗಿ ತಲಶ್ಶೇರಿಗೆ ಒದಗಿದ ಗತಿ ನನಗೆ ಎಲ್ಲಕ್ಕಿಂತ ಸೋಜಿಗ. ಇಂಗ್ಲಿಷರ ಬಾಯಲ್ಲಿ ತಲಶ್ಶೇರಿ ತೆಲಿಚೆರಿಯಾಯಿತು; ಜಗತ್ತಿನ ಮೆಣಸಿನ ಮಾರುಕಟ್ಟೆಯಲ್ಲಿ ತೆಲಿಚೆರಿ ಎಂದರೆ ಈಗ ಊರಲ್ಲ, ಗಾತ್ರ. 4.25 ಮಿಲಿಮೀಟರಿನ ಜರಡಿಯಲ್ಲಿ ಉದುರದೆ ಮೇಲೆ ಉಳಿದ ಕಾಳು ತೆಲಿಚೆರಿ ದರ್ಜೆ. 4.75ರ ಮೇಲೂ ಉಳಿದದ್ದು ಅದಕ್ಕೂ ಮೇಲಿನ ದರ್ಜೆ. ಸಣ್ಣದಕ್ಕೆ ಮಲಬಾರ್ ಎಂಬ ಹೆಸರು. ಕೋಟೆ, ಬಂದರು, ಮೂರು ಶತಮಾನದ ಕಾದಾಟ, ಎಲ್ಲವೂ ಸವೆದು ಸವೆದು ಕಡೆಗೆ ಒಂದು ಊರಿನ ಹೆಸರು ಜರಡಿಯ ಕಣ್ಣಿನ ಅಳತೆಯಾಗಿ ಉಳಿದಿದೆ! ಆ ಜರಡಿಯ ಮೇಲೆ ನಿಲ್ಲುವ ದಪ್ಪ ಕಾಳು ಎಲ್ಲಿ ಬೆಳೆದದ್ದು ಎಂದು ಡಬ್ಬಿ ಹೇಳುವುದಿಲ್ಲ. ಕೊಡಗಿನದ್ದೂ ಅದರಲ್ಲಿ ಧಾರಾಳವಾಗಿ ಇದ್ದೀತು. ಬಳ್ಳಿಯಲ್ಲಿ ಹೆಚ್ಚು ದಿನ ಬಿಟ್ಟು, ಗೊಂಚಲಿನಲ್ಲಿ ಒಂದೆರಡು ಹಣ್ಣು ಕೆಂಪಾದ ಮೇಲೆ ಕೊಯ್ದು, ಕಣದಲ್ಲಿ ಒಣಗಿಸಿದರೆ ಕಾಳು ದಪ್ಪ, ತೂಕ ಹೆಚ್ಚು ಎಂಬುದು ಇಲ್ಲಿಯ ಬೆಳೆಗಾರರಿಗೆ ಗೊತ್ತು. ಬೆಳೆದ ಬೆಟ್ಟಕ್ಕೆ ಹೆಸರಿಲ್ಲ, ಹಡಗು ಹತ್ತಿಸಿದ ಊರಿಗೆ ಹೆಸರು. ಮೋಚಾ ಕಾಫಿಗೆ ಹೆಸರು ಕೊಟ್ಟ ಬಂದರಿನಲ್ಲಿ ಕಾಫಿ ಗಿಡ ಇತ್ತೇ? ಇದರಲ್ಲಿ ಅನ್ಯಾಯವೂ ಇದೆ, ಒಪ್ಪುತ್ತೇನೆ. ಆದರೆ ನಾವೂ ಋಣದಲ್ಲಿದ್ದೇವೆ. ನಮ್ಮ ಎಷ್ಟೋ ತೋಟಗಳಲ್ಲಿ ಹಬ್ಬಿರುವ ಪನ್ನಿಯೂರು ತಳಿ ಹುಟ್ಟಿದ್ದು ಅದೇ ಕಣ್ಣೂರು ಸೀಮೆಯ, ತಳಿಪರಂಬದ ಹತ್ತಿರದ ಪನ್ನಿಯೂರಿನ ಸಂಶೋಧನಾ ಕೇಂದ್ರದಲ್ಲಿ.

ಕಾಫಿಯದು ಇನ್ನೂ ಒಂದು ಹೆಜ್ಜೆ ಮುಂದಿನ ಕತೆ. ಕೊಡಗಿನ ಕಾಫಿ ಗಾಡಿಗಳಲ್ಲಿ ಕರಾವಳಿಗೆ ಇಳಿದು ಹಾಯಿಹಡಗು ಏರುತ್ತಿದ್ದ ಕಾಲದಲ್ಲಿ ಆಫ್ರಿಕ ಸುತ್ತಿ ಯುರೋಪು ಮುಟ್ಟಲು ತಿಂಗಳುಗಟ್ಟಲೆ ಬೇಕಿತ್ತು. ಅಷ್ಟರಲ್ಲಿ ಸಮುದ್ರದ ತೇವ ಕುಡಿದ ಬೀಜ ಊದಿ, ಬಣ್ಣ ಕಳೆದು, ಹುಳಿ ಇಳಿದು ಬೇರೆಯೇ ರುಚಿಗೆ ತಿರುಗುತ್ತಿತ್ತು. ಕುಡಿಯುವವರಿಗೆ ಅದೇ ರೂಢಿಯಾಯಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಹಡಗು ಬೇಗ ತಲುಪತೊಡಗಿದ ಮೇಲೆ ಕಾಫಿ ತಾಜಾ ಆಯಿತು, ಗಿರಾಕಿಗೆ ಸಪ್ಪೆಯಾಯಿತು. ಕೊನೆಗೆ ಮಂಗಳೂರಿನಂಥ ಕರಾವಳಿ ಊರುಗಳ ಗೋದಾಮಿನಲ್ಲಿ ಬೀಜ ಹರಡಿ, ಕಿಟಕಿ ತೆರೆದು, ಮಳೆಗಾಲದ ಗಾಳಿಯನ್ನೇ ಬೇಕೆಂದು ಒಳಗೆ ಬಿಟ್ಟು ಆ ಹಳೆಯ ಪ್ರಯಾಣವನ್ನು ನಿಂತಲ್ಲೇ ಮಾಡಿಸುವ ಉಪಾಯ ಹುಡುಕಿದರು. ಮಾನ್ಸೂನ್ಡ್ ಮಲಬಾರ್ ಎಂದು ಇವತ್ತು ಒಳ್ಳೆಯ ಬೆಲೆಗೆ ಮಾರುವ ಕಾಫಿ ಅದೇ. ಹಡಗು ತಡವಾಗುತ್ತಿದ್ದ ನೆನಪನ್ನು ಜನ ದುಡ್ಡು ಕೊಟ್ಟು ಕುಡಿಯುತ್ತಾರೆ.

ಆ ಹಡಗುಗಳ ಕಾಲದ ಗುರುತಾಗಿ ತಲಶ್ಶೇರಿಯಲ್ಲಿ ಕಡಲ್‌ಪಾಲಂ ನಿಂತಿದೆ. ಸರಕು ಸಾಗಿಸಲು 1910ರಲ್ಲಿ ಸಮುದ್ರದೊಳಕ್ಕೆ ಚಾಚಿ ಕಟ್ಟಿದ ಸೇತುವೆ. ಕಂಬಗಳನ್ನು ಉಪ್ಪು ತಿಂದಿದೆ, ಮೇಲೆ ನಡೆಯುವ ಹಾಗಿಲ್ಲ. ದಂಡೆಯಲ್ಲಿ ಹುಡುಗರು ಐಸ್‌ಕ್ರೀಂ ತಿನ್ನುತ್ತಾ ಅದರ ಫೋಟೋ ತೆಗೆಯುತ್ತಿರುತ್ತಾರೆ. ಊರಿಗೆ ಇನ್ನೂ ಹಲವು ಹೆಮ್ಮೆಗಳಿವೆ. ಕೀಲೇರಿ ಕುಞಿಕಣ್ಣನ್ 1901ರಲ್ಲಿ ಚಿರಕ್ಕರದಲ್ಲಿ ಸರ್ಕಸ್ ಶಾಲೆ ತೆರೆದದ್ದು, ಮಂಬಳ್ಳಿ ಬಾಪುವಿನ ಬೇಕರಿಯಲ್ಲಿ 1883ರ ಕ್ರಿಸ್‌ಮಸ್ಸಿಗೆ ಕೇಕು ಬೆಂದದ್ದು, ನಾರಾಯಣ ಗುರುಗಳು 1908ರಲ್ಲಿ ಜಗನ್ನಾಥ ಗುಡಿಯಲ್ಲಿ ಪ್ರತಿಷ್ಠೆ ಮಾಡಿದ್ದು. ಊರವರು ಕೇಕು, ಸರ್ಕಸ್, ಕ್ರಿಕೆಟ್ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ನನಗೆ ಆ ಪಟ್ಟಿಗಿಂತ ನೆಟ್ಟೂರಿನ ಇಲ್ಲಿಕುನ್ನಿನ ಬಂಗಲೆ ಹೆಚ್ಚು ಹಿಡಿಸುತ್ತದೆ.

ಬಾಸೆಲ್ ಮಿಷನ್ನಿನ ಹರ್ಮನ್ ಗುಂಡರ್ಟ್ 1839ರಲ್ಲಿ ಅಲ್ಲಿಗೆ ಬಂದು ನೆಲೆಸಿದರು. 1847ರಲ್ಲಿ ಅಲ್ಲಿಂದಲೇ 'ರಾಜ್ಯಸಮಾಚಾರಂ' ಎಂಬ ಮಲಯಾಳದ ಮೊದಲ ಪತ್ರಿಕೆ ಹೊರಟಿತು. ಅವರ ಗೆಳೆಯ ಹರ್ಮನ್ ಮೋಗ್ಲಿಂಗ್ ನಾಲ್ಕು ವರ್ಷ ಮೊದಲೇ, 1843ರಲ್ಲಿ, ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತಂದಿದ್ದರು. ಅದೇ ಮೋಗ್ಲಿಂಗ್ ಆಮೇಲೆ ಕೊಡಗಿಗೆ ಬಂದು 1855ರಲ್ಲಿ ಕೊಡಗಿನ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದರು. ಎರಡು ಭಾಷೆಗಳಿಗೆ ಪತ್ರಿಕೆ ಕೊಟ್ಟ ಇಬ್ಬರು ಗೆಳೆಯರ ನಡುವೆ ಇದ್ದದ್ದು ನಮ್ಮ ಇದೇ ಘಾಟಿ. ಗುಂಡರ್ಟರ ಮಗಳು ಮೇರಿ 1842ರಲ್ಲಿ ಹುಟ್ಟಿದ್ದು ತಲಶ್ಶೇರಿಯಲ್ಲಿ. ಆಕೆಯ ಮಗ ಹರ್ಮನ್ ಹೆಸ್ಸೆ, 'ಸಿದ್ಧಾರ್ಥ' ಬರೆದವರು. ಹೆಸ್ಸೆ 1911ರಲ್ಲಿ ಪೂರ್ವದ ಕಡೆಗೆ ಹಡಗು ಹತ್ತಿದರು. ಸಿಂಹಳ, ಸಿಂಗಾಪುರ, ಸುಮಾತ್ರ ನೋಡಿದರು. ತಾಯಿ ಹುಟ್ಟಿದ ಮಲಬಾರಿಗೆ ಕಾಲಿಡದೆ ಹಿಂತಿರುಗಿದರು. ತಾತನ ಮನೆಯ ಮಾತಿನಲ್ಲಿ ಕೇಳಿದ ಭಾರತವೇ ಅವರಿಗೆ ಸಾಕಾಯಿತು ಎನಿಸುತ್ತದೆ. ಬಂದಿದ್ದರೆ ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ 'ಸಿದ್ಧಾರ್ಥ' ಬರೆಯುವುದಕ್ಕೇ ಆಗುತ್ತಿರಲಿಲ್ಲವೋ ಏನೋ. ಕೆಲವರ ಬೆರಗಿಗೆ ದೂರ ಬೇಕು. ಅಜ್ಜಿಯಂಥವರ ಬೆರಗಿಗೆ ಎದುರಿನ ನೀರು ಬೇಕು.

ಘಾಟಿಯ ದಾರಿ ಬರೀ ಉಪ್ಪು, ಮೆಣಸು, ಪತ್ರಿಕೆಯದಲ್ಲ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ 1790ರಲ್ಲಿ ತಲಶ್ಶೇರಿಯ ಕಂಪನಿ ಮುಖ್ಯಸ್ಥ ರಾಬರ್ಟ್ ಟೇಲರನ ಜೊತೆ ಒಪ್ಪಂದ ಮಾಡಿಕೊಂಡ. ಅದರ ಬಲದಿಂದ ಜನರಲ್ ಅಬರ್‌ಕ್ರೋಂಬಿಯ ಬೊಂಬಾಯಿ ಸೇನೆ ಫಿರಂಗಿಗಳನ್ನು ಎಳೆದುಕೊಂಡು ಈ ಬೆಟ್ಟ ಹತ್ತಿ ಶ್ರೀರಂಗಪಟ್ಟಣಕ್ಕೆ ಹೋಯಿತು. ಆ ಸ್ನೇಹದ ನೆನಪಿಗೆ ರಾಜ 1792ರಲ್ಲಿ ಕಟ್ಟಿಸಿದ್ದು ವಿರಾಜಪೇಟೆ. 1834ರಲ್ಲಿ ಕಣ್ಣೂರಿನ ಕಡೆಯಿಂದ ಮತ್ತೆ ಒಂದು ಇಂಗ್ಲಿಷ್ ದಂಡು ಹೆಗ್ಗಳದ ಘಾಟಿ ಏರಿತು. ಈ ಸಲ ಬಂದದ್ದು ಗೆಳೆಯನಾಗಿ ಅಲ್ಲ, ಕೊಡಗನ್ನೇ ತೆಗೆದುಕೊಳ್ಳಲು. ಸಮುದ್ರದ ಕಡೆಯಿಂದ ಬಂದದ್ದೆಲ್ಲ ಮಳೆಯಂಥದ್ದಲ್ಲ. ರೈಲು ಬೇಡವೆಂದು ಕೊಡಗಿನ ಒಂದು ದೊಡ್ಡ ಪಾಲು ಹಟ ಹಿಡಿದಿರುವುದಕ್ಕೆ ಕಾಡು, ಆನೆಗಳ ಚಿಂತೆಯ ಜೊತೆಗೆ ಆ ಹಳೆಯ ಗುಮಾನಿಯೂ ಸ್ವಲ್ಪ ಸೇರಿರಬಹುದು. ತಲಶ್ಶೇರಿಯಿಂದ ಮೈಸೂರಿಗೆ ರೈಲಿನ ಮಾತು ಬ್ರಿಟಿಷರ ಕಾಲದ್ದು, ಇಂದಿಗೂ ಮಾತಾಗಿಯೇ ಇದೆ. ಈ ವಿಷಯದಲ್ಲಿ ನಾನು ಕಾಡಿನ ಪಕ್ಷ.

ತಲಶ್ಶೇರಿಯ ಉತ್ತರಕ್ಕೆ ಧರ್ಮಡಂ. ದಂಡೆಯಿಂದ ನೂರು ಮೀಟರಿನಷ್ಟು ಆಚೆ ತೆಂಗು ತುಂಬಿದ ಒಂದು ಪುಟ್ಟ ದ್ವೀಪ. ಬೆಳಿಗ್ಗೆ ನೋಡಿದಾಗ ನಡುವೆ ನೀರು. ಹೊತ್ತು ಕಳೆದು ನೋಡಿದರೆ ನೀರು ಹಿಂದೆ ಸರಿದು ಬಂಡೆಗಳು ಮೈ ಒಣಗಿಸಿಕೊಳ್ಳುತ್ತಿರುತ್ತವೆ, ಊರ ಹುಡುಗರು ನಡೆದೇ ದಾಟುತ್ತಿರುತ್ತಾರೆ. ಬೆಟ್ಟದವರಿಗೆ ಇದು ದಿಗಿಲು ಹುಟ್ಟಿಸುವ ಸಂಗತಿ. ನಮ್ಮ ಹೊಳೆಗಳು ವರ್ಷಕ್ಕೊಮ್ಮೆ ಏರುತ್ತವೆ, ವರ್ಷಕ್ಕೊಮ್ಮೆ ಇಳಿಯುತ್ತವೆ, ಕಾರಣ ಕಣ್ಣಿಗೆ ಕಾಣುತ್ತದೆ. ಇಲ್ಲಿ ಮಳೆಯಿಲ್ಲ, ಮೋಡವಿಲ್ಲ, ದಿನಕ್ಕೆರಡು ಸಲ ಉಬ್ಬರ, ಎರಡು ಸಲ ಇಳಿತ. ಅದೂ ದಿನದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗಿ, ಚಂದ್ರ ತಡವಾಗಿ ಹುಟ್ಟುವುದಕ್ಕೆ ಸರಿಯಾಗಿ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಸೂರ್ಯನೂ ಚಂದ್ರನೂ ಒಂದೇ ನೇರಕ್ಕೆ ನಿಂತು ಎಳೆಯುವಾಗ ಉಬ್ಬರ ಇನ್ನೂ ಮೇಲೆ.

ನಮ್ಮ ಸುಗ್ಗಿಯ ಹಬ್ಬ ಹುತ್ತರಿಯ ರಾತ್ರಿಯನ್ನು ನೆನಪು ಮಾಡಿಕೊಳ್ಳಿ. ನವೆಂಬರ್–ಡಿಸೆಂಬರ್ ಹೊತ್ತಿನ ಹುಣ್ಣಿಮೆ. ಇಗ್ಗುತಪ್ಪನ ಸನ್ನಿಧಿಯಲ್ಲಿ ಗೊತ್ತುಮಾಡಿದ ಮುಹೂರ್ತಕ್ಕೆ ಕೋವಿಯ ಸದ್ದು, ಪೊಲಿ ಕೂಗು, ಗದ್ದೆಗೆ ಇಳಿದು ಮೊದಲ ಕದಿರು ಕೊಯ್ಯುವುದು. ನಾವೆಲ್ಲ ತಲೆಯೆತ್ತಿ ಅದೇ ಚಂದ್ರನನ್ನು ನೋಡುತ್ತೇವೆ. ಅದೇ ಚಂದ್ರ ಬೆಟ್ಟದ ಕೆಳಗೆ ಧರ್ಮಡದ ಬಂಡೆಗಳ ಮೇಲೆ ಸಮುದ್ರವನ್ನು ಎತ್ತುತ್ತಿರುತ್ತಾನೆ. ನಮ್ಮ ಕೈಗೆ ಕದಿರು ಬರುವ ಹುಣ್ಣಿಮೆಯ ಸುಮಾರಿಗೇ ದಂಡೆಗೆ ದೊಡ್ಡ ಉಬ್ಬರ ಬರುತ್ತದೆ ಎಂದು ಯಾವ ಪುರೋಹಿತರೂ ಹೇಳಿದ್ದು ಕೇಳಿಲ್ಲ. ಹೇಳಿದರೆ ಹಬ್ಬಕ್ಕೆ ಕಳೆಯೇ ಹೆಚ್ಚುತ್ತಿತ್ತು.

ಇಷ್ಟೆಲ್ಲ ಇರುವಾಗ ಗೋಣಿಕೊಪ್ಪಲಿನ ನಮ್ಮ ಹುಡುಗರ ಪಾಲಿಗೆ ಆ ಕಡೆಯ ಪ್ರವಾಸ ಎಂದರೆ ಮುಳಪ್ಪಿಲಂಗಾಡಿನ ಮರಳಿನ ಮೇಲೆ ಕಾರು ಓಡಿಸುವುದು, ಮಾಹೆಯಲ್ಲಿ ಅಗ್ಗದ ಬಾಟಲಿ. ಬೇಡವೆನ್ನಲಾರೆ, ವಯಸ್ಸು ಅಂಥದ್ದು. ಹೊರಗಿನವರೋ ಬೆಂಗಳೂರಿನಿಂದ ಕೊಡಗಿಗೆ ಬಂದು ಮಂಜಿನಲ್ಲಿ ಫೋಟೋ ಹೊಡೆದು ವಾಪಸಾಗುತ್ತಾರೆ. ಆ ಮಂಜು ಎಲ್ಲಿಂದ ಹೊರಟು ಬಂತೆಂದು ನೋಡಲು ಇನ್ನು ಎರಡೂವರೆ ಮೂರು ಗಂಟೆ ಇಳಿದರೆ ಸಾಕಿತ್ತು. ಪ್ರವಾಸೋದ್ಯಮದ ಫಲಕಗಳು ಬೆಟ್ಟವನ್ನು ಒಂದು ಕಡೆ, ಸಮುದ್ರವನ್ನು ಇನ್ನೊಂದು ಕಡೆ ಇಟ್ಟು ಮಾರುತ್ತವೆ. ಇದು ಶುದ್ಧ ದಡ್ಡತನ. ಒಂದೇ ಯಂತ್ರದ ಎರಡು ತುದಿ ಅವು.

ಅಜ್ಜಿಗೆ ನಾನು ಊರಿಗೆ ಬಂದ ಮೇಲೆ ತೂಬಿನ ಉತ್ತರ ಹೇಳಿದೆ. ಮೋಡ, ಗಾಳಿ, ಬೆಟ್ಟ, ಎಲ್ಲ. ಗಮನವಿಟ್ಟು ಕೇಳಿದರು. "ಹಾಗಾದರೆ ಸರಿ" ಎಂದು, ಒಪ್ಪಿಗೆಯಾದ ಲೆಕ್ಕಕ್ಕೆ ತಲೆಯಾಡಿಸಿ, ಕೋಳಿಗಳನ್ನು ಕೂಡಲು ಎದ್ದರು.

ನೀವು ಹೋಗುವುದಾದರೆ ಬೆಳಗಿನ ಜಾವವೇ ಪೆರುಂಬಾಡಿ ದಾಟಿ, ಮಾಕುಟ್ಟದಲ್ಲಿ ಆನೆ ಕಂಡರೆ ಇಳಿಯಬೇಡಿ, ನೀರಿನ ಬಾಟಲಿಯನ್ನು ಕಾಡಿಗೆ ಎಸೆಯಬೇಡಿ. ಜೂನ್ 9ರ ನಡುರಾತ್ರಿಯಿಂದ ಜುಲೈ ಕೊನೆಯವರೆಗೆ 52 ದಿನ ಕೇರಳದಲ್ಲಿ ಟ್ರಾಲಿಂಗ್ ನಿಷೇಧ, ಮೀನು ತುಟ್ಟಿ, ಸಮುದ್ರವೂ ಒರಟು. ಆ ದಿನಗಳನ್ನು ಬಿಟ್ಟು ಡಿಸೆಂಬರಿನಲ್ಲಿ ಹುತ್ತರಿ ಮುಗಿಸಿ ಹೊರಡುವುದು ಒಳ್ಳೆಯದು. ಧರ್ಮಡಂ ದ್ವೀಪಕ್ಕೆ ನಡೆದು ಹೋಗುವ ಆಸೆಯಿದ್ದರೆ ಇಳಿತ ಎಷ್ಟು ಹೊತ್ತಿಗೆ, ದಾಟಲು ಬಿಡುತ್ತಾರೆಯೇ ಎಂದು ಅಲ್ಲಿಯ ಮೀನುಗಾರರನ್ನು ಕೇಳಿ. ಅವರು ಬೇಡ ಎಂದರೆ ದಂಡೆಯಿಂದಲೇ ನೋಡಿ ಬನ್ನಿ. ಮನೆಯಲ್ಲಿ ಸಮುದ್ರ ನೋಡದ ಹಿರಿಯರಿದ್ದರೆ ಮುಂದಿನ ಸೀಟು ಅವರಿಗೆ ಕೊಡಿ.